ಆಟದ ಊರು ಪಕ್ಕದಲ್ಲೇ ಇತ್ತು!

ಆರು ಇಟ್ಟಿಗೆ. ಬರೀ ಆರು! ಮಣ್ಣಿನವಲ್ಲ, ಪ್ಲಾಸ್ಟಿಕ್ಕಿನವು; ಬೆನ್ನ ಮೇಲೆ ಎಂಟೆಂಟು ಉಬ್ಬುಗಳಿರುವ ಲೆಗೋ ಇಟ್ಟಿಗೆಗಳು. ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ಒಂದಕ್ಕೊಂದು ಕಚ್ಚಿಸುತ್ತಾ ಹೋದರೆ ಈ ಆರನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ನಾನು ಧೈರ್ಯ ಮಾಡಿ ಒಂದು ಲಕ್ಷ ಅಂದೆ. ಉತ್ತರ 91,51,03,765. ತೊಂಬತ್ತೊಂದು ಕೋಟಿ ದಾಟಿದ ಸಂಖ್ಯೆ! ಎರಡು ಇಟ್ಟಿಗೆ ಇದ್ದಾಗ 24 ಬಗೆ, ಮೂರಾದರೆ 1,060, ಆರಕ್ಕೆ ಬರುವಷ್ಟರಲ್ಲಿ ಲೆಕ್ಕ ಕೈಮೀರಿ ಹೋಗಿರುತ್ತದೆ. ಇಟ್ಟಿಗೆ ತಯಾರಿಸುವ ಡೆನ್ಮಾರ್ಕಿನ ಕಂಪನಿಗೇ ಇದು ಬಹಳ ಕಾಲ ಗೊತ್ತಿರಲಿಲ್ಲ. ಆರನ್ನೂ ಒಂದರ ಮೇಲೊಂದು ಏರಿಸಿದ ಗೋಪುರಗಳನ್ನಷ್ಟೇ ಎಣಿಸಿ 10,29,81,500 ಎಂದು ಹೇಳಿಕೊಂಡು ಬಂದಿತ್ತು. ಆಮೇಲೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ಹಚ್ಚಿ ಪೂರ್ತಿ ಎಣಿಸಿದಾಗ ನಿಜವಾದ ಸಂಖ್ಯೆ ಹೊರಬಿತ್ತು. ಮಗುವಿನ ಒಂದು ಬೊಗಸೆಯಲ್ಲಿ ಹಿಡಿಯುವ ಆಟಿಕೆಯೊಳಗೆ ಇಷ್ಟು ದೊಡ್ಡ ಲೋಕ!

ಈ ಪ್ರಶ್ನೆಯನ್ನು ನನಗೆ ಕೇಳಿದ್ದು ಅಕ್ಕನ ಮಗಳು. ಎಂಟು ವರ್ಷ. ಬೇಸಿಗೆ ರಜೆಗೆ ಹಿರೇಹಳ್ಳಿಗೆ ಬಂದವಳು ಚೀಲ ಬಿಚ್ಚುವ ಮೊದಲೇ, "ಮಾವ, ಆರು ಬ್ಲಾಕಲ್ಲಿ ಎಷ್ಟು ಥರ ಮಾಡಬೋದು ಹೇಳು ನೋಡೋಣ" ಅಂದಳು. ಅವಳ ಆ ಒಂದು ಮಾತಿನ ಹಿಂದೆ ಬಿದ್ದು ನಾನು ಎಲ್ಲೆಲ್ಲಿಗೋ ಹೋಗಿ ಬಂದೆ. ಕೊನೆಗೆ ಬಂದು ನಿಂತಿದ್ದು ಎಲ್ಲಿ ಅಂತೀರಿ? ನಮ್ಮ ಮನೆಯಿಂದ ಹೊರಟರೆ ಅರ್ಧ ದಿನದೊಳಗೆ ಹೋಗಿ ನೋಡಿ ಬರಬಹುದಾದ ಒಂದು ಹಳ್ಳಿಯಲ್ಲಿ!

ಹಿರೇಹಳ್ಳಿ ಬಲ್ಲವರಿಗೆ ಗೊತ್ತು. ಬೆಂಗಳೂರಿನಿಂದ ಬರುವಾಗ ತುಮಕೂರಿಗೆ ಮೊದಲು ಸಿಗುವ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹಲಸಿನ ‘ಸಿದ್ದು’ ತಳಿಯಿಂದ ಹೆಸರಾದ ತೋಟಗಾರಿಕಾ ಪ್ರಯೋಗ ಕೇಂದ್ರ, ನಡುವೆ ಹೆದ್ದಾರಿ, ಪುಟ್ಟದೊಂದು ರೈಲ್ವೆ ಸ್ಟೇಷನ್. ಮ್ಯೂಸಿಯಂ ಇಲ್ಲ. ಮಕ್ಕಳನ್ನು ಮ್ಯೂಸಿಯಂಗೆ ಕರೆದೊಯ್ಯಬೇಕು ಅಂದರೆ ಬೆಂಗಳೂರಿನ ಕಡೆಗೇ ಮುಖ ಮಾಡಬೇಕು. ಅವಳ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ನಾವೂ ಬೆಳಗಿನ ರೈಲು ಹತ್ತಿದೆವು.

ಕಸ್ತೂರ್ಬಾ ರಸ್ತೆ ಎಂಥ ರಸ್ತೆ! 1865ರಲ್ಲಿ ಶುರುವಾಗಿ 1877ರ ಕೆಂಪು ಕಟ್ಟಡದಲ್ಲಿ ನೆಲೆಯಾದ ಸರ್ಕಾರಿ ವಸ್ತುಸಂಗ್ರಹಾಲಯ. ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲೇ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ‘ಮ್ಯಾಪ್’. ಮೈತುಂಬ ಉಕ್ಕಿನ ಹಲಗೆ ಹೊದ್ದ ಆ ಕಟ್ಟಡ ಕಂಡದ್ದೇ ತಡ, ಇವಳು ನಿಂತುಬಿಟ್ಟಳು. "ಮಾವ, ಇದು ನೀರಿನ ಟ್ಯಾಂಕ್ ಥರ ಇದೆ!" ನಾನು ಹಾಗೆಲ್ಲ ಅನ್ನಬಾರದು ಅಂತ ಗದರಿಸಿದೆ. ಆಮೇಲೆ ತಿಳಿದಾಗ ಮೈ ಜುಮ್ಮೆಂದಿತು. ಅದನ್ನು ವಿನ್ಯಾಸ ಮಾಡಿದ ಮ್ಯಾಥ್ಯೂ ಆ್ಯಂಡ್ ಘೋಷ್ ವಾಸ್ತುಶಿಲ್ಪಿಗಳಿಗೆ ಸ್ಫೂರ್ತಿಯೇ ಉಕ್ಕಿನ ಹಲಗೆಗಳನ್ನು ಜೋಡಿಸಿ ಕಟ್ಟುವ ಹಳೇ ಕಾಲದ ನೀರಿನ ಟ್ಯಾಂಕ್! ಬ್ಲಾಕ್ ಜೋಡಿಸಿ ಪಳಗಿದ ಮಗುವಿನ ಕಣ್ಣು ಕಟ್ಟಡವನ್ನು ಬಿಡಿಸಿ ನೋಡುತ್ತದೆ. ಒಂದು ತುಂಡು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದು ಅದಕ್ಕೆ ಮೊದಲು ಕಾಣುತ್ತದೆ. ದೊಡ್ಡವರಾದ ನಮಗೆ ಗೋಡೆ ಮಾತ್ರ ಕಾಣುತ್ತದೆ.

ವಿಶ್ವೇಶ್ವರಯ್ಯ ಮ್ಯೂಸಿಯಂ ಅನ್ನು ನೆಹರೂ ಉದ್ಘಾಟಿಸಿದ್ದು 1962ರ ಜುಲೈ 14ರಂದು. ಸರ್ ಎಂ.ವಿ. ತೀರಿಕೊಂಡು ಆಗ ಸುಮಾರು ಮೂರು ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿಟ್ಟು ದೂರದಿಂದ ತೋರಿಸುವ ಜಾಗ ಅದಲ್ಲ. ಗುಂಡಿ ಒತ್ತಬೇಕು, ಹಿಡಿ ತಿರುಗಿಸಬೇಕು, ಕೈಯಿಂದಲೇ ಕಲಿಯಬೇಕು. ಇವಳು ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಅಲ್ಲಾಡದೆ ನಿಂತಳು. ರೆಕ್ಕೆಯ ಮೇಲೊಂದು ರೆಕ್ಕೆ, ನಡುವೆ ಮರದ ಕಡ್ಡಿಗಳು, ಕಡ್ಡಿಯಿಂದ ಕಡ್ಡಿಗೆ ಓರೆಯಾಗಿ ಬಿಗಿದ ತಂತಿಗಳು. "ಅಡ್ಡಡ್ಡ ತಂತಿ ಯಾಕೆ ಕಟ್ಟಿದಾರೆ ಮಾವ?" ನನಗೆ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಮನೆಗೆ ಬಂದ ಮೇಲೆ, ಒಂದು ಬೆಂಕಿಪೊಟ್ಟಣದಲ್ಲಿ.

ಅದಕ್ಕೆ ಮುಂಚೆ ಇನ್ನೊಂದು ಸೋಜಿಗ ಹೇಳಿಬಿಡಬೇಕು. ರಜೆಯಲ್ಲಿ ಮ್ಯೂಸಿಯಂಗಳಲ್ಲಿ ಮಕ್ಕಳನ್ನು ಕೂರಿಸಿ ಕಮ್ಮಟ ಮಾಡುವುದು, ಬ್ಲಾಕ್ ಕೊಟ್ಟು ‘ಕಟ್ಟು’ ಅನ್ನುವುದು ಈಚಿನ ಫ್ಯಾಷನ್ ಅಂತ ನಾನು ತಿಳಿದಿದ್ದೆ. ಅಲ್ಲವೇ ಅಲ್ಲ! ಶಿಶುವಿಹಾರದ ಬ್ಲಾಕ್ ಆಟದ ಬೀಜ ಬಿದ್ದಿದ್ದೇ ಮ್ಯೂಸಿಯಂ ಒಂದರಲ್ಲಿ. ಶಿಶುವಿಹಾರವನ್ನು ಲೋಕಕ್ಕೆ ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಮೇಷ್ಟ್ರು 1814ರಿಂದ 1816ರವರೆಗೆ ಬರ್ಲಿನ್ನಿನ ಖನಿಜಗಳ ಮ್ಯೂಸಿಯಂನಲ್ಲಿ ಸಹಾಯಕರಾಗಿದ್ದರು. ಹರಳುಗಳನ್ನು ವಿಂಗಡಿಸಿ ಇಡುವುದು ಕೆಲಸ. ದಿನಗಟ್ಟಲೆ ಹರಳುಗಳ ನಡುವೆ ಕೂತವರಿಗೆ ಮನಸ್ಸಿನಲ್ಲಿ ಒಂದು ಹೊಳಹು ನಾಟಿತು: ಪುಟ್ಟ ಪುಟ್ಟ ಆಕಾರಗಳು ಒಂದು ನಿಯಮ ಹಿಡಿದು ಜೋಡಿಸಿಕೊಂಡೇ ದೊಡ್ಡ ಆಕಾರ ಹುಟ್ಟುತ್ತದೆ. 1837ರಲ್ಲಿ ಅದೇ ಹೊಳಹನ್ನು ಮರದಲ್ಲಿ ಕೆತ್ತಿಸಿ ಮಕ್ಕಳ ಕೈಗೆ ಕೊಟ್ಟರು. ಅವರ ಮೂರನೆಯ ‘ಉಡುಗೊರೆ’ ಎಂದರೆ ಎಂಟು ಸಣ್ಣ ಘನಗಳು ಸೇರಿ ಆಗುವ ಒಂದು ಘನ, ಅಷ್ಟೇ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಒಬ್ಬ ತಾಯಿ ಈ ಉಡುಗೊರೆಗಳನ್ನು ಕಂಡು ಮಗನಿಗಾಗಿ ತಂದಳು. ಮಗ ಫ್ರಾಂಕ್ ಲಾಯ್ಡ್ ರೈಟ್, ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿ. (ವಿಮಾನದ ರೈಟ್ ಬೇರೆ, ಈ ರೈಟ್ ಬೇರೆ.) ತನ್ನ ಕಟ್ಟಡಗಳ ಮೂಲ ಆ ಮರದ ತುಂಡುಗಳಲ್ಲಿದೆ ಎಂದು ಅವನು ಮುದುಕನಾದ ಮೇಲೂ ನೆನೆಯುತ್ತಿದ್ದ.

ಸರಿ, ಬೆಂಕಿಪೊಟ್ಟಣಕ್ಕೆ ಬರೋಣ.

ಐಐಟಿ ಕಾನ್ಪುರದಲ್ಲಿ ಓದಿದ್ದ ಒಬ್ಬ ಯುವಕ 1978ರಲ್ಲಿ ಪುಣೆಯ ಲಾರಿ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಿಗೆ ವಿಜ್ಞಾನ ಹೇಳಿಕೊಡಲು ಹೋದ. ಹೆಸರು ಅರವಿಂದ ಗುಪ್ತಾ. ಸಂತೆಯಲ್ಲಿ ಕೈಗೆ ಸಿಕ್ಕಿದ್ದು ಸೈಕಲ್ಲಿನ ವಾಲ್ ಟ್ಯೂಬ್, ಆ ಕಪ್ಪು ಸಣ್ಣ ರಬ್ಬರ್ ನಳಿಗೆ. ಬೆಂಕಿಕಡ್ಡಿ ಅದರೊಳಗೆ ಬಿಗಿಯಾಗಿ ಕೂತಿತು. ಮುಗಿಯಿತು, ಮಕ್ಕಳಿಗೊಂದು ಹೊಸ ಕಟ್ಟಡದಾಟ ಹುಟ್ಟಿತು! ಕಾಸಿಗೆ ಸಿಗುವ ಸಾಮಾನು, ಬೆಲೆ ಕಟ್ಟಲಾಗದ ಆಟ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಕಡ್ಡಿಯಾಟ ಆ ಹೊತ್ತಿಗೆ ದೇಶದ ಎಷ್ಟೋ ಭಾಷೆಗಳ ಮಕ್ಕಳ ಕೈ ಸೇರಿತ್ತು.

ಸೈಕಲ್ ಅಂಗಡಿಯಿಂದ ಎರಡು ಮೊಳ ವಾಲ್ ಟ್ಯೂಬ್ ತಂದೆ. ಕಡ್ಡಿಯ ತಲೆಯ ಮದ್ದನ್ನು ಬ್ಲೇಡಿನಿಂದ ಕೆರೆದು ತೆಗೆದು ಕೊಟ್ಟೆ (ಇದನ್ನು ದೊಡ್ಡವರೇ ಮಾಡಬೇಕು). ಜಗಲಿಯ ಮೇಲೆ ಅಕ್ಕಪಕ್ಕದ ಮನೆಯ ಮಕ್ಕಳೂ ಬಂದು ಕೂತರು. ನಾಲ್ಕು ಕಡ್ಡಿ, ನಾಲ್ಕು ತುಂಡು ಟ್ಯೂಬ್: ಚೌಕ. ಮೂಲೆ ಹಿಡಿದು ಒತ್ತಿದರೆ ಚೌಕ ವಾಲಿತು, ಚಪ್ಪಟೆಯಾಗಿ ಮಲಗಿತು. ಮೂರು ಕಡ್ಡಿ, ಮೂರು ತುಂಡು: ತ್ರಿಕೋನ. ಒತ್ತಿದರು. ಜಗ್ಗಿದರು. ಒಬ್ಬ ಹುಡುಗ ಮಂಡಿಯ ಕೆಳಗಿಟ್ಟು ಒತ್ತಿದ. ಕಡ್ಡಿ ಮುರಿಯಿತೇ ಹೊರತು ತ್ರಿಕೋನ ಆಕಾರ ಬಿಡಲಿಲ್ಲ! ಆಗ ಇವಳು ಚೌಕವನ್ನು ಎತ್ತಿಕೊಂಡು, ಮೂಲೆಯಿಂದ ಮೂಲೆಗೆ ಒಂದು ದಾರ ಬಿಗಿದಳು. ಆಮೇಲೆ ಇನ್ನೆರಡು ಮೂಲೆಗೆ ಇನ್ನೊಂದು. ಒತ್ತಿ ನೋಡಿದಳು. ಚೌಕ ಗಟ್ಟಿಯಾಗಿ ನಿಂತಿತ್ತು. "ಮಾವ, ವಿಮಾನದ ತಂತಿ!"

ಹೌದು. ಅದೇ. ರೈಟ್ ಸಹೋದರರ ಓರೆ ತಂತಿಗಳು ಚೌಕಗಳನ್ನು ತ್ರಿಕೋನ ಮಾಡಿದ್ದವು. ರೈಲ್ವೆ ಸೇತುವೆಯಲ್ಲಿ, ಮೊಬೈಲ್ ಟವರಿನಲ್ಲಿ, ನಮ್ಮ ಕೈಗಾರಿಕಾ ಪ್ರದೇಶದ ಷೆಡ್ಡುಗಳ ಛಾವಣಿಯಲ್ಲಿ ಎಲ್ಲೆಲ್ಲೂ ಅದೇ ತ್ರಿಕೋನ. ನಾನು ವರ್ಷಾನುಗಟ್ಟಲೆ ಅವುಗಳ ಕೆಳಗೆ ಓಡಾಡಿದ್ದೇನೆ. ಒಂದು ದಿನವೂ ಕಂಡಿರಲಿಲ್ಲ.

ಮೂರು ಕಡ್ಡಿ ಸೇರುವ ಮೂಲೆ ಮಾಡಬೇಕಾದರೆ ಟ್ಯೂಬಿಗೆ ನಡುವೆ ತೂತು ಬೇಕು. ಸೂಜಿ ಹುಡುಕುತ್ತಿದ್ದಾಗ ಆ ಮಂಡಿಯ ಹುಡುಗ ಬೇಲಿಯಿಂದ ಜಾಲಿಮುಳ್ಳು ಕಿತ್ತು ತಂದ. ಸೂಜಿಗಿಂತ ಚೆನ್ನಾಗಿ ಕೆಲಸ ಮಾಡಿತು! ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ಗೋಪುರ, ಗುಡಿಸಲು, ಏನೆಂದು ಹೆಸರಿಡಲಾಗದ ಒಂದು ಆನೆಯಂಥ ಪ್ರಾಣಿ ಎಲ್ಲ ಎದ್ದು ನಿಂತಿದ್ದವು.

ಮಾರನೇ ದಿನ ಮರ ಕೊಯ್ಯುವ ಮಿಲ್ಲಿನಲ್ಲಿ ರೀಪರ್ ಪಟ್ಟಿಯನ್ನು 12 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕೊಯ್ಸಿ ತಂದೆ. ಮಕ್ಕಳೇ ಕೂತು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದರು. ಪಂದ್ಯ ಇಷ್ಟು: ಅಂಟಿಲ್ಲದೆ, ಮೊಳೆಯಿಲ್ಲದೆ, ಜಗಲಿಯ ಅಂಚಿನಿಂದ ಆಚೆಗೆ ತುಂಡುಗಳನ್ನು ಎಷ್ಟು ದೂರ ಚಾಚಬಹುದು? ಒಂದು ತುಂಡನ್ನು ಅರ್ಧದವರೆಗೆ, ಅಂದರೆ 6 ಸೆಂಟಿಮೀಟರ್ ಆಚೆ ತಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಉರುಳುತ್ತದೆ. ಅದರ ಕೆಳಗೆ ಇನ್ನೊಂದನ್ನಿಟ್ಟು ಎರಡನ್ನೂ ಒಟ್ಟಿಗೆ 3 ಸೆಂಟಿಮೀಟರ್ ತಳ್ಳಬಹುದು. ಕೆಳಗೆ ಮೂರನೆಯದು, ಮತ್ತೆ 2. ನಾಲ್ಕನೆಯದು, ಮತ್ತೆ ಒಂದೂವರೆ. ಕೂಡಿ ನೋಡಿ: ಹನ್ನೆರಡೂವರೆ! ತುಂಡಿನ ಉದ್ದ ಹನ್ನೆರಡು! ಎಂದರೆ ನಾಲ್ಕೇ ತುಂಡು ಇಟ್ಟರೆ ಮೇಲಿನ ತುಂಡು ಇಡಿಯಾಗಿ ಜಗಲಿಯಿಂದ ಆಚೆ ಗಾಳಿಯಲ್ಲಿ ನಿಲ್ಲುತ್ತದೆ. ಇದು ಲೆಕ್ಕ. ಕೊಯ್ಸಿದ ರೀಪರ್ ಲೆಕ್ಕದಷ್ಟು ನೇರವಾಗಿರುವುದಿಲ್ಲವಲ್ಲ, ನಮಗೆ ಐದು ಬೇಕಾದವು. ಎಷ್ಟು ಸಲ ಬಿತ್ತೋ! ಐದನೆಯದನ್ನು ಸರಿಸಿ ಕೈ ತೆಗೆದಾಗ ಜಗಲಿಯಲ್ಲಿ ಯಾರೂ ಉಸಿರಾಡಲಿಲ್ಲ. ನಿಂತಿತು. ಮೇಲಿನ ತುಂಡಿನ ಕೆಳಗೆ ಒಬ್ಬಳು ಕೈಯಾಡಿಸಿ ನೋಡಿದಳು. ಕೆಳಗೆ ನೆಲ ಮಾತ್ರ! ಎರಡು ತುಂಡಿನ ಉದ್ದ ಆಚೆ ಚಾಚಬೇಕಾದರೆ 31 ತುಂಡು ಸಾಕು ಅನ್ನುತ್ತದೆ ಗಣಿತ. ಅದಿನ್ನೂ ನಮ್ಮ ಕೈಲಾಗಿಲ್ಲ.

ಇಲ್ಲಿ ನನಗೆ ಹೊಳೆಯಿತು, ಹೊಳೆದ ಕೂಡಲೇ ಕೂತಲ್ಲಿ ಕೂರಲಾಗಲಿಲ್ಲ. ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚುತ್ತಾ ಹೋಗುವ ಈ ಉಪಾಯವನ್ನು ನಾನು ಎಲ್ಲೋ ನೋಡಿದ್ದೇನೆ. ಎಲ್ಲಿ? ತಲೆಯೆತ್ತಿ ನೋಡಿದ್ದೇನೆ. ದೇವಸ್ಥಾನದಲ್ಲಿ!

ನಮ್ಮ ಹೊಯ್ಸಳ ಗುಡಿಗಳು ಏನೆಂದುಕೊಂಡಿರಿ? ನಾಡಿನ ಅತಿ ದೊಡ್ಡ, ಅತಿ ಸೊಗಸಾದ ಬ್ಲಾಕ್ ಜೋಡಣೆ! ಗಾರೆಯ ಹಂಗಿಲ್ಲ. ಕಲ್ಲಿಗೆ ಕಲ್ಲೇ ಆಧಾರ. ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಕೂರುವ ಗೂಟ. ಲೆಗೋದ ಉಬ್ಬು ಕಚ್ಚುವ ಹಾಗೆ ಕಲ್ಲು ಕಲ್ಲನ್ನು ಕಚ್ಚುತ್ತದೆ. ಲೆಗೋ ಕಂಪನಿ 1958ರಲ್ಲಿ ಪೇಟೆಂಟ್ ಮಾಡಿಸಿದ ಇಟ್ಟಿಗೆಗೆ ಇವತ್ತು ತಯಾರಾದ ಇಟ್ಟಿಗೆಯೂ ಕಚ್ಚುತ್ತದೆ ಎಂದು ಲೋಕವೆಲ್ಲ ಬೆರಗಾಗುತ್ತದೆ. ಬೇಲೂರಿನ ಕಲ್ಲುಗಳು 1117ರಿಂದ ಕಚ್ಚಿಕೊಂಡು ನಿಂತಿವೆ! ಭುವನೇಶ್ವರಿ ಎಂದು ಕರೆಯುವ ಛಾವಣಿಯ ಒಳಮೈ ಕೆಳಗೆ ನಿಂತು ನೋಡಿ. ನಾಲ್ಕು ತೊಲೆಗಳ ಚೌಕ. ಅದರ ನಾಲ್ಕು ಮೂಲೆಗೆ ಓರೆಯಾಗಿ ನಾಲ್ಕು ಕಲ್ಲು, ಬಾಯಿ ಕಿರಿದಾಯಿತು. ಮತ್ತೆ ನಾಲ್ಕು, ಇನ್ನೂ ಕಿರಿದಾಯಿತು. ಕೊನೆಗೆ ನಡುವೆ ಒಂದು ಕಲ್ಲು ಕೂರಿಸಿದರೆ ಮುಚ್ಚಿತು. ನಮ್ಮ ಜಗಲಿಯ ಮಕ್ಕಳು ರೀಪರ್ ತುಂಡಿನಲ್ಲಿ ಇದನ್ನು ಅರ್ಧ ಗಂಟೆಯಲ್ಲಿ ಮಾಡಿದರು.

ಆ ಕಲ್ಲು ಯಾವುದು? ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪದ ಜಾತಿಯದು! ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುವ ಗುಣ ಅದಕ್ಕೆ. ಅದಕ್ಕೇ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆಯಲು ಆಯಿತು. ಆ ಕಂಬದ ಮೈಮೇಲಿನ ಬಳೆಗಳಂಥ ಗೀರುಗಳನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಸವರಿ ನೋಡಿ. ಚನ್ನಪಟ್ಟಣದ ಕುಶಲಕರ್ಮಿ ಆಲೆ ಮರದ ತುಂಡನ್ನು ತಿರುಗಣೆಗೆ ಹಾಕಿ, ಅರಗಿನ ಬಣ್ಣ ಹಚ್ಚಿ ಬುಗುರಿ ಕಡೆಯುತ್ತಾನಲ್ಲ, ತಿರುಗುವ ವಸ್ತುವಿಗೆ ಉಳಿ ಹಿಡಿಯುವ ಅದೇ ವಿದ್ಯೆ. ಆಟಿಕೆಗೂ ಗುಡಿಗೂ ಒಂದೇ ಕೈಚಳಕ!

ನಕ್ಷತ್ರದ ಆಟ ಇನ್ನೂ ಚೆಂದ. 1258ರ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ಹೊರಗೋಡೆ 16 ಮೂಲೆಯ ನಕ್ಷತ್ರ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿ ಅದು. ನಮ್ಮ ತುಮಕೂರು ಜಿಲ್ಲೆಯಲ್ಲೇ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವನ ಗುಡಿಯೂ ನಕ್ಷತ್ರಾಕಾರದ್ದೇ. ಇಷ್ಟು ಮೂಲೆಗಳನ್ನು ಹೇಗೆ ಅಳೆದರೋ ಎಂದು ನಾನು ಹೆದರಿದ್ದೆ. ಮಕ್ಕಳು ಹೆದರಲಿಲ್ಲ. ಒಂದೇ ಅಳತೆಯ ನಾಲ್ಕು ರಟ್ಟಿನ ಚೌಕ ಕತ್ತರಿಸಿ, ಒಂದರ ಮೇಲೊಂದಿಟ್ಟು ನಟ್ಟನಡುವೆ ಗುಂಡುಪಿನ್ನು ಚುಚ್ಚಿದೆವು. ಮೇಲಿನದನ್ನು ಸ್ವಲ್ಪ ತಿರುಗಿಸು, ಅದರ ಕೆಳಗಿನದನ್ನು ಇನ್ನೂ ಸ್ವಲ್ಪ, ಪ್ರತಿಯೊಂದರ ನಡುವೆ 22.5 ಡಿಗ್ರಿ. ಎಣಿಸಿ: ಹದಿನಾರು ಮೂಲೆ! ಬರೀ ಚೌಕ ತಿರುಗಿ ನಕ್ಷತ್ರವಾಯಿತು! ಇವಳು ಅದನ್ನು ಬಿಸಿಲಿಗೆ ಹಿಡಿದು ನೆರಳು ನೋಡಿದಳು. ಜಗಲಿಯ ಸಿಮೆಂಟಿನ ಮೇಲೆ ಸೋಮನಾಥಪುರ ಬಿದ್ದಿತ್ತು.

"ನಮ್ಮೂರ ಹತ್ರ ಇಂಥದ್ದು ಇಲ್ವಾ?" ಅಂದಳು. ಕೈದಾಳ ನೆನಪಾಯಿತು.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ದೊಡ್ಡ ಗಣೇಶನ ಗೂಳೂರು, ಅದರ ಪಕ್ಕದಲ್ಲೇ ಕೈದಾಳ. ಅಮರಶಿಲ್ಪಿ ಜಕಣಾಚಾರಿಯ ಹುಟ್ಟೂರು ಎಂದು ನಾಡೆಲ್ಲ ನಂಬಿದ ಹಳ್ಳಿ. ಕಥೆ ಎಲ್ಲರಿಗೂ ಗೊತ್ತು, ಆದರೂ ಮಕ್ಕಳ ಜೊತೆ ಕೂತು ಕೇಳಿದಾಗ ನನಗೆ ಬೇರೆಯೇ ಕೇಳಿಸಿತು. ಬೇಲೂರಿನಲ್ಲಿ ಮಹಾಶಿಲ್ಪಿ ವಿಗ್ರಹ ಕಡೆದು ನಿಲ್ಲಿಸಿದ್ದಾನೆ. ಒಬ್ಬ ಹುಡುಗ ಬಂದು, ಈ ಕಲ್ಲಿನಲ್ಲಿ ದೋಷವಿದೆ ಅನ್ನುತ್ತಾನೆ. ಗಂಧ ಬಳಿಯುತ್ತಾರೆ, ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಉಳಿ ತಾಗಿಸಿದರೆ ಒಳಗಿಂದ ನೀರು, ಜೊತೆಗೊಂದು ಕಪ್ಪೆ! ಮಾತು ಕೊಟ್ಟಂತೆ ತನ್ನ ಬಲಗೈ ಕಡಿದುಕೊಂಡ ಜಕಣಾಚಾರಿಗೆ ಆ ಹುಡುಗ ತನ್ನದೇ ಮಗ ಡಂಕಣಾಚಾರಿ ಎಂದು ತಿಳಿಯುತ್ತದೆ. ಮುಂದೆ ಹುಟ್ಟೂರಿಗೆ ಬಂದು ಚೆನ್ನಕೇಶವನಿಗೆ ಗುಡಿ ಕಟ್ಟಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು. ಇದು ಐತಿಹ್ಯ. ಶಾಸನಗಳಲ್ಲಿ ಸಿಗುವ ಹೆಸರುಗಳು ಬೇರೆ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಆದರೆ ನಮ್ಮ ಜನ ಕಟ್ಟಿಕೊಂಡ ಕಥೆ ಎಂಥದು ನೋಡಿ! ದೊಡ್ಡವರೆಲ್ಲ ಕೈಮುಗಿದು ನಿಂತಾಗ ಕಲ್ಲಿನ ಒಳಗನ್ನು ಕಂಡವನು ಒಬ್ಬ ಹುಡುಗ.

ಮತ್ತೆ ಕೊನೆಯ ಬೆರಗು. ಕೈದಾಳದ ಗಂಗಾಧರೇಶ್ವರನ ಗುಡಿ ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, 1150ರ ಸುಮಾರಿಗೆ, ಬಾಚಿ ಎಂಬ ಸಾಮಂತ ಕಟ್ಟಿಸಿದ್ದು ಎಂದು ಓದುತ್ತಾ ಹೋದೆ. ಊರಿನ ಹಳೆಯ ಹೆಸರು ಬಂತು. ಓದಿದೆ. ಮತ್ತೆ ಓದಿದೆ. ಎದ್ದು ಹೋಗಿ ಅವಳನ್ನು ಕರೆದು ತೋರಿಸಿದೆ. ಕ್ರೀಡಾಪುರ!

"ಕ್ರೀಡೆ ಅಂದ್ರೆ ಆಟ ಅಲ್ವಾ ಮಾವ?"

ಆಟ. ಆಟದ ಊರು. ಬ್ಲಾಕ್ ಆಟ ಹುಡುಕಿಕೊಂಡು ಬೆಂಗಳೂರಿಗೆ ಹೋದೆವು, ಕೋಪನ್‌ಹೇಗನ್ನಿನ ಲೆಕ್ಕ ಕೇಳಿದೆವು, ಬರ್ಲಿನ್ನಿನ ಹರಳು ನೋಡಿದೆವು. ಕ್ರೀಡಾಪುರ ನಮ್ಮ ತಾಲ್ಲೂಕಿನಲ್ಲೇ ಕೂತಿತ್ತು!

ಶಾಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ, ಮ್ಯೂಸಿಯಂ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಮಕ್ಕಳ ಈ ಕಟ್ಟುವ ಕಮ್ಮಟಗಳನ್ನು ಬೆಂಗಳೂರಿನಲ್ಲಷ್ಟೇ ಮಾಡಬೇಡಿ. ಕೈದಾಳದ ಶಾಲೆಯಲ್ಲಿ, ಅರಳಗುಪ್ಪೆಯ ಶಾಲೆಯಲ್ಲಿ ಮಾಡಿ. ಬೆಳಗ್ಗೆ ಗುಡಿ ನೋಡಲಿ, ಮಧ್ಯಾಹ್ನ ಕೂತು ಕಟ್ಟಲಿ. ಪೆಟ್ಟಿಗೆ ತುಂಬ ದುಬಾರಿ ಸಾಮಾನು ಬೇಡ. ಮನೆಯವರೂ ಕಾಯುತ್ತಾ ಕೂರಬೇಡಿ, ಬರುವ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೊರಡಿ. ಕೆತ್ತನೆ ಮುಟ್ಟದೆ ನೋಡಲು ಹೇಳಿಕೊಡಿ, ಭುವನೇಶ್ವರಿಯ ಕೆಳಗೆ ಒಂದೈದು ನಿಮಿಷ ತಲೆಯೆತ್ತಿ ನಿಲ್ಲಿಸಿ. ಚೀಲದಲ್ಲಿ ಊಟದ ಡಬ್ಬಿಯ ಜೊತೆ ನಾಲ್ಕು ರಟ್ಟಿನ ಚೌಕ, ಒಂದು ಗುಂಡುಪಿನ್ನು ಇಟ್ಟುಕೊಳ್ಳುವುದನ್ನು ಮಾತ್ರ ಮರೆಯಬೇಡಿ.